ಮದುವೆ ರಿಟರ್ನ್ ಗಿಫ್ಟ್: ಚಿಕ್ಕಪೇಟೆಯಿಂದ ಚನ್ನಪಟ್ಟಣದವರೆಗೆ ಸುತ್ತಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಮದುವೆಗೆ ಬಂದವರಿಗೆ ಕೊಡುವ ರಿಟರ್ನ್ ಗಿಫ್ಟ್‌ಗೆ ಇಷ್ಟು ಅಂತ ದುಡ್ಡು ತೆಗೆದಿಟ್ಟಿದ್ದರೆ ಅದರಲ್ಲಿ ಅರ್ಧ ದುಡ್ಡನ್ನು ತಾಂಬೂಲದ ಚೀಲಕ್ಕೇ ಖರ್ಚು ಮಾಡಿ. ಉಳಿದ ಅರ್ಧದಲ್ಲಿ ಒಂದು ತಿಂಗಳೊಳಗೆ ಖರ್ಚಾಗಿ ಹೋಗುವ ವಸ್ತು ತೆಗೆದುಕೊಳ್ಳಿ. ಶೋಕೇಸಿಗೆ ಹೋಗುವಂಥದ್ದು ಯಾವುದೂ ಬೇಡ. ತಂಗಿಯ ಮದುವೆಗೆ ಅಂತ ಬೆಂಗಳೂರಿನ ಚಿಕ್ಕಪೇಟೆ, ಮಾಮೂಲ್‌ಪೇಟೆ, ಎಂ.ಜಿ. ರಸ್ತೆಯ ಕಾವೇರಿ ಅನ್ನುವ ಸರ್ಕಾರಿ ಕರಕುಶಲ ಮಳಿಗೆ, ಚನ್ನಪಟ್ಟಣ ಎಲ್ಲಾ ಸುತ್ತಿ, ದೊಡ್ಡಮ್ಮನ ಹತ್ತಿರ ಬೈಸಿಕೊಂಡು, ಕೊನೆಗೆ ಎಲ್ಲರ ಕೈಗೂ ಕೊಟ್ಟು ಮುಗಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಯಾವುದು ಚೆನ್ನಾಗಿತ್ತು, ಯಾವುದು ಸುಮ್ನೆ ದುಡ್ಡು ದಂಡ ಅನ್ನುವುದಷ್ಟೇ ಇಲ್ಲಿದೆ.

ನಂಬಿಕೆ ಬರದಿದ್ದರೆ ನಿಮ್ಮ ಮನೆಯಲ್ಲೇ ಒಮ್ಮೆ ಹುಡುಕಿ. ಹಿಂದಿನ ಮದುವೆಗಳಲ್ಲಿ ಸಿಕ್ಕಿದ್ದರಲ್ಲಿ ಈಗ ಏನು ಬಳಕೆಯಲ್ಲಿದೆ? ನಮ್ಮ ಮನೆಯಲ್ಲಿ ಅಟ್ಟದ ಮೇಲೆ ಸಿಕ್ಕಿದ್ದು: ಚಿನ್ನದ ಬಣ್ಣ ಬಳಿದ ಗಣಪತಿಗಳು, ಸೆಲ್ ಹಾಕದ ಗಡಿಯಾರ, ಮುಚ್ಚಳ ಕಳೆದುಹೋದ ಕುಂಕುಮದ ಭರಣಿ, ಮತ್ತೆ ವಧುವರರ ಫೋಟೊ ಇರುವ ಒಂದು ಮಗ್. ಆ ಮಗ್ ಕೊಟ್ಟವರ ಮೇಲೆ ನಮಗೆ ಪ್ರೀತಿ ಇದೆ, ಆದರೆ ಅವರ ಮುಖ ನೋಡಿಕೊಂಡು ದಿನಾ ಬೆಳಿಗ್ಗೆ ಕಾಫಿ ಕುಡಿಯುವಷ್ಟು ಸಲಿಗೆ ಇಲ್ಲ. ಬಿಸಾಡಲೂ ಆಗುವುದಿಲ್ಲ, ಮುಖ ಇದೆಯಲ್ಲ.

ನಮ್ಮ ಕಡೆ ತಾಂಬೂಲ ಅಂದರೆ ಎಲೆ, ಅಡಿಕೆ, ತೆಂಗಿನಕಾಯಿ, ಹೆಂಗಸರಿಗೆ ಅರಿಶಿನ ಕುಂಕುಮ, ರವಿಕೆ ಕಣ. ಗಿಫ್ಟ್ ಅನ್ನುವುದು ಆಮೇಲೆ ಬಂದು ಸೇರಿಕೊಂಡದ್ದು. ಇದರಲ್ಲಿ ಕಾಯಿ ಬಿಡೋಣ ಅಂತ ಚಿಕ್ಕಪ್ಪ ಒಂದು ಮಾತು ತೆಗೆದರು, ಯಾಕಂದರೆ 2025ರಲ್ಲಿ ಕಾಯಿ ಬೆಲೆ ಏರಿದ್ದು ಎಲ್ಲರಿಗೂ ಗೊತ್ತು, ಹಿಂದೆ ಲೆಕ್ಕಕ್ಕೇ ಇಲ್ಲದ ಕಾಯಿ ಆಗ ಗಿಫ್ಟಿಗಿಂತ ದುಬಾರಿ ಆಗಿ ಕೂತಿತ್ತು. ದೊಡ್ಡಮ್ಮ ಒಪ್ಪಲಿಲ್ಲ. "ಕಾಯಿ ಇಲ್ಲದ ತಾಂಬೂಲ ಕೊಡೋದಾದ್ರೆ ಚೀಲನೂ ಬೇಡ, ನಮಸ್ಕಾರ ಹಾಕಿ ಕಳಿಸಿಬಿಡು" ಅಂದರು. ಹಾಗಾಗಿ ಮುಹೂರ್ತಕ್ಕೆ ಬಂದವರಿಗೆ ಕಾಯಿ ಸಮೇತ, ಹಿಂದಿನ ದಿನ ಸಂಜೆಯ ಆರತಕ್ಷತೆಗೆ ಬಂದವರಿಗೆ ಕಾಯಿ ಇಲ್ಲದೆ ಅಂತ ತೀರ್ಮಾನ ಆಯಿತು. ಇದು ಒಳ್ಳೆಯ ತೀರ್ಮಾನವೇ. ಆಫೀಸಿನಿಂದ ನೇರ ಬಂದು, ಫೋಟೊ ತೆಗೆಸಿಕೊಂಡು, ಊಟ ಮಾಡಿ ಬೈಕ್ ಹತ್ತುವವರಿಗೆ ಕಾಯಿ ಒಂದು ಭಾರ.

ಮೊದಲು ಚಿಕ್ಕಪೇಟೆ ಕಡೆಯ ಮಾತು. ಕಾರು ತೆಗೆದುಕೊಂಡು ಹೋಗಬೇಡಿ. ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ಮೆಟ್ರೊ ನಿಲ್ದಾಣ 2017ರಿಂದ ಇದೆ, ಇಳಿದರೆ ಪೇಟೆಯ ಹೊಟ್ಟೆಯೊಳಗೇ ಏಳುತ್ತೀರಿ. ಭಾನುವಾರ ಸಗಟು ಅಂಗಡಿಗಳು ಹೆಚ್ಚಿನವು ಮುಚ್ಚಿರುತ್ತವೆ, ವಾರದ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ಅಂಗಡಿಯವರಿಗೆ ಮಾತಾಡಲು ಪುರುಸೊತ್ತು ಇರುತ್ತೆ. ಸಂಜೆ ಹೋದರೆ ನಿಮ್ಮನ್ನು ಯಾರೂ ಕೇಳುವುದಿಲ್ಲ. ಮಾಮೂಲ್‌ಪೇಟೆಯ ಸಂದಿಗಳಲ್ಲಿ ಒಂದನೇ ಮಹಡಿ, ಎರಡನೇ ಮಹಡಿ ಅಂಗಡಿಗಳನ್ನು ಬಿಡಬೇಡಿ. ರಸ್ತೆ ಮಟ್ಟದ ಅಂಗಡಿಯಲ್ಲಿ ನೋಡಿದ್ದೇ ಮಾಲು ಮೇಲೆ ಕಡಿಮೆಗೆ ಸಿಗುತ್ತದೆ. ಒಂದೇ ತೊಂದರೆ, ಮೆಟ್ಟಿಲು ಏಣಿ ಥರ ಇರುತ್ತೆ, ಮಂಡಿನೋವು ಇರುವವರನ್ನು ಕರೆದುಕೊಂಡು ಹೋಗಬೇಡಿ. ದೊಡ್ಡಮ್ಮ ಕೆಳಗೆ ಸ್ಟೂಲ್ ಹಾಕಿಸಿಕೊಂಡು ಕೂತು, ನಾನು ಮೇಲಿಂದ ಒಂದೊಂದೇ ತಂದು ತೋರಿಸಿ, ಅವರು ಬೇಡ ಅಂದು, ನಾನು ಮತ್ತೆ ಹತ್ತಿ, ಹೀಗೇ ನಡೆಯಿತು.

ಅಂಗಡಿಯವರು ಕೇಳುವ ಮೊದಲ ಪ್ರಶ್ನೆ "ಎಷ್ಟು ಪೀಸ್ ಬೇಕು ಸಾರ್?" ಅದಕ್ಕೆ ಉತ್ತರ ರೆಡಿ ಇರಲಿ. ಐವತ್ತು, ನೂರು ಅಂದರೆ ಒಂದು ದರ, ಐನೂರು ಅಂದರೆ ಇನ್ನೊಂದು ದರ. ನಡುವಿನ ವ್ಯತ್ಯಾಸ ಚಿಲ್ಲರೆ ಅಲ್ಲ. ಹೆಸರು ಅಚ್ಚು ಹಾಕಿಸುವುದಾದರೆ ಇಂತಿಷ್ಟು ಪೀಸ್ ಕೆಳಗೆ ಆಗಲ್ಲ ಅನ್ನುತ್ತಾರೆ, ಆದರೆ ಪಕ್ಕದ ಸಂದಿಯಲ್ಲಿ ಆಗುತ್ತೆ ಅನ್ನುವವರೂ ಇರುತ್ತಾರೆ. ಚೌಕಾಸಿ ಮಾಡಿ, ಆದರೆ ಅತಿ ಮಾಡಬೇಡಿ. ತುಂಬಾ ಎಳೆದಾಡಿದರೆ ದರ ಒಪ್ಪಿಕೊಂಡು ಮಾಲಿನಲ್ಲಿ ತೀರಿಸಿಕೊಳ್ಳುತ್ತಾರೆ. ನಮಗೆ ಒಂದು ಕಡೆ ಹಾಗೇ ಆಯಿತು. ಅಂಗಡಿ ಹೆಸರು ಬೇಡ. ತೋರಿಸಿದ ಸ್ಯಾಂಪಲ್ ಚೀಲ ದಪ್ಪ ಬಟ್ಟೆ, ಮನೆಗೆ ಬಂದ ಬಂಡಲ್ ಬಿಚ್ಚಿದರೆ ಈ ಕಡೆಯಿಂದ ಆ ಕಡೆ ಕಾಣುವಷ್ಟು ತೆಳು. ಹೋಗಿ ಕೇಳಿದರೆ "ಇದೇ ಸಾರ್ ನೀವು ನೋಡಿದ್ದು" ಅಂದರು. ಅದೃಷ್ಟಕ್ಕೆ ಚಿಕ್ಕಪ್ಪ ಸ್ಯಾಂಪಲ್ ಪೀಸಿಗೆ ದುಡ್ಡು ಕೊಟ್ಟು ಮನೆಗೆ ತಂದಿದ್ದರು, ಅದರ ಒಳಗೆ ಅಂಗಡಿಯವರ ಕೈಯಿಂದಲೇ ದರ, ತಾರೀಕು ಬರೆಸಿಕೊಂಡಿದ್ದರು. ಅದನ್ನು ಕೌಂಟರ್ ಮೇಲೆ ಇಟ್ಟ ಮೇಲೆ ಮಾತು ಬದಲಾಯಿತು, ಮೂರು ದಿನದಲ್ಲಿ ಬೇರೆ ಚೀಲ ಬಂತು. ಚಿಕ್ಕಪ್ಪ ರಿಟೈರ್ಡ್ ಆಡಿಟರ್. ಎಲ್ಲ ಮನೆಗೂ ಒಬ್ಬರು ಇರಬೇಕು.

ಈಗ ಚೀಲ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಇಡೀ ತಾಂಬೂಲದಲ್ಲಿ ಜಾಸ್ತಿ ದಿನ ಬದುಕುವುದು ಇದೊಂದೇ. "ಬಟ್ಟೆ ಬ್ಯಾಗ್ ಸಾರ್" ಅಂತ ಮೊದಲು ತೋರಿಸುವುದು ಬಟ್ಟೆಯೇ ಅಲ್ಲ. ನಾನ್‌ವೋವನ್ ಅಂತಾರಲ್ಲ, ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಮೂಲೆಗೆ ಬೆಂಕಿಕಡ್ಡಿ ತಾಗಿಸಿದರೆ ಕರಗಿ ಉಂಡೆಯಾಗುತ್ತೆ, ಹತ್ತಿ ಬಟ್ಟೆಯಾದರೆ ಉರಿದು ಬೂದಿಯಾಗುತ್ತೆ. 60 ಜಿಎಸ್‌ಎಂಗಿಂತ, ಅಂದರೆ ಚದರ ಮೀಟರಿಗೆ 60 ಗ್ರಾಂ ತೂಕಕ್ಕಿಂತ, ತೆಳುವಾದ ನಾನ್‌ವೋವನ್ ಚೀಲ 2021ರ ಸೆಪ್ಟೆಂಬರ್ 30ರಿಂದ ದೇಶದಲ್ಲೇ ನಿಷೇಧ, ನಮ್ಮ ರಾಜ್ಯ ಪ್ಲಾಸ್ಟಿಕ್ ಕೈಚೀಲಗಳನ್ನು 2016ರಲ್ಲೇ ನಿಷೇಧ ಮಾಡಿದೆ. ಆದರೂ ತೆಳು ಮಾಲು ಬೇಕಾದಷ್ಟು ಸಿಗುತ್ತೆ. ಒಂದೆರಡು ವರ್ಷ ಬಾಗಿಲ ಹಿಂದೆ ನೇತು ಹಾಕಿದ್ದರೆ ಪುಡಿಪುಡಿಯಾಗಿ ಉದುರುತ್ತೆ, ನೋಡಿರಬಹುದು. ಕಾಯಿ ಹಾಕಿದರೆ ಹಿಡಿ ಕಿತ್ತು ಬರುತ್ತೆ, ಅದನ್ನಂತೂ ಎಲ್ಲರೂ ನೋಡಿದ್ದೇವೆ, ಛತ್ರದ ಮೆಟ್ಟಿಲ ಮೇಲೆ ಕಾಯಿ ಉರುಳಿ ಹೋಗುವುದು, ಮಕ್ಕಳು ಹಿಂದೆ ಓಡುವುದು.

ಸೆಣಬಿನ ಚೀಲ ನೋಡಲು ಚೆಂದ, ಗಟ್ಟಿ ಕೂಡ. ಆದರೆ ಒದ್ದೆಯಾದರೆ ವಾಸನೆ, ತೊಳೆಯಲು ಆಗುವುದಿಲ್ಲ, ಮಡಚಿ ಪರ್ಸಿನಲ್ಲಿ ಇಡಲೂ ಆಗುವುದಿಲ್ಲ. ಒಳಗೆ ಪ್ಲಾಸ್ಟಿಕ್ ಪದರ ಬೇರೆ ಅಂಟಿಸಿರುತ್ತಾರೆ. ನಾವು ಕೊನೆಗೆ ತೆಗೆದುಕೊಂಡದ್ದು ಕೋರಾ ಬಟ್ಟೆಯ, ಅಂದರೆ ಬಿಳುಪು ಮಾಡದ ಹತ್ತಿ ಬಟ್ಟೆಯ ಚೀಲ. ಅಗಲ 10 ಇಂಚು, ಎತ್ತರ 12 ಇಂಚು, ಅಡಿಯಲ್ಲಿ 4 ಇಂಚು ಪಟ್ಟಿ. ಆ ಅಡಿಪಟ್ಟಿ ಮುಖ್ಯ, ಅದಿಲ್ಲದಿದ್ದರೆ ಕಾಯಿ ಇಟ್ಟಾಗ ಚೀಲ ಒಂದು ಕಡೆಗೆ ವಾಲುತ್ತೆ, ಉಳಿದದ್ದೆಲ್ಲ ಕಾಯಿಯ ಕೆಳಗೆ ಸೇರಿ ಅಪ್ಪಚ್ಚಿ. ಹಿಡಿ ಹೆಗಲಿಗೆ ಏರುವಷ್ಟು ಉದ್ದ ಇರಲಿ, ಹೊಲಿಗೆ ಚೌಕಾಕಾರದಲ್ಲಿ ಹಾಕಿ ನಡುವೆ ಅಡ್ಡ ಹೊಲಿಗೆ ಹಾಕಿರಬೇಕು. ಒಂದೇ ಗೆರೆ ಹೊಲಿಗೆ ಇದ್ದರೆ ಬೇಡ ಅನ್ನಿ. ತೂಕ ನೋಡಲು ಅಂಗಡಿಯಲ್ಲೇ ಎರಡು ಕಾಯಿ ಹಾಕಿ ಅಲ್ಲಾಡಿಸಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಹೆಸರು ಅಚ್ಚು ಹಾಕಿಸುವ ಬಗ್ಗೆ ಮನೆಯಲ್ಲಿ ದೊಡ್ಡ ಚರ್ಚೆ. ಒಂದು ಕಡೆ ಪೂರ್ತಿ ಫೋಟೊ ಹಾಕಿಸೋಣ ಅಂತ ಭಾವನ ಕಡೆಯ ಒಬ್ಬರು ಹಟ ಹಿಡಿದರು. ನನ್ನ ವಾದ ಇಷ್ಟೇ: ಬೇರೆಯವರ ಮದುವೆ ಫೋಟೊ ಇರುವ ಚೀಲ ಹಿಡಿದು ಯಾರೂ ಸೊಪ್ಪು ತರಲು ಹೋಗುವುದಿಲ್ಲ. ಕೆಳಗಿನ ಮೂಲೆಯಲ್ಲಿ ಒಂದೇ ಬಣ್ಣದಲ್ಲಿ ಇಬ್ಬರ ಹೆಸರು, ತಾರೀಕು, ಅಷ್ಟು ಸಾಕು. ಒಂದು ಎಚ್ಚರಿಕೆ. ಕನ್ನಡದಲ್ಲಿ ಅಚ್ಚು ಹಾಕಿಸುವಾಗ ಪ್ರೂಫ್ ನೋಡದೆ ಹೂಂ ಅನ್ನಬೇಡಿ. ನೀವು ವಾಟ್ಸಾಪ್‌ನಲ್ಲಿ ಕಳಿಸಿದ ಅಕ್ಷರ ಅವರ ಹಳೇ ಸಾಫ್ಟ್‌ವೇರ್‌ಗೆ ಹೋದಾಗ ಒತ್ತಕ್ಷರ ಪಕ್ಕಕ್ಕೆ ಬಂದು ಕೂರುತ್ತೆ. ಲಕ್ಷ್ಮಿ ಅನ್ನುವ ಹೆಸರಿದ್ದರಂತೂ ಮೂರು ಸಲ ನೋಡಿ. ಕಾಗದದ ಮೇಲೆ ಅಲ್ಲ, ಬಟ್ಟೆಯ ಮೇಲೆ ಒಂದು ಅಚ್ಚು ಹಾಕಿ ತೋರಿಸಿ ಅನ್ನಿ. ಸಣ್ಣ ಅಕ್ಷರ ಬಟ್ಟೆಯಲ್ಲಿ ಹರಡಿಕೊಂಡು ಮುಚ್ಚಿಹೋಗುತ್ತದೆ.

ಜರ್ಮನ್ ಸಿಲ್ವರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರಲ್ಲಿ ಬೆಳ್ಳಿ ಇಲ್ಲ. ತಾಮ್ರ, ನಿಕ್ಕಲ್, ಸತು ಸೇರಿಸಿದ ಲೋಹ ಅದು. ಅಂಗಡಿಯ ಬಿಳಿ ದೀಪದ ಕೆಳಗೆ ಕಣ್ಣು ಕುಕ್ಕುತ್ತೆ, ಪುಟ್ಟ ತಟ್ಟೆ, ಅರಿಶಿನ ಕುಂಕುಮದ ಬಟ್ಟಲು, ಎಲ್ಲಾ ಚೆಂದವೇ. ಆದರೆ ದಿನ ಕಳೆದಂತೆ ಮಂಕಾಗುತ್ತೆ, ಅದರಲ್ಲಿ ಹುಳಿ ಪದಾರ್ಥ ಇಡುವಂತಿಲ್ಲ, ಹಾಗಾಗಿ ಅಡುಗೆಮನೆಗೂ ಬರುವುದಿಲ್ಲ. ಪೂಜೆಗೆ ಬಳಸುವವರ ಮನೆಯಲ್ಲಿ ಈಗಾಗಲೇ ಬೇಕಾದಷ್ಟು ಇದೆ. ನನ್ನ ಓಟು ಇಲ್ಲ.

ಸ್ಟೀಲ್ ಡಬ್ಬಿ, ಲೋಟ ಬೇರೆ ಮಾತು. ಹೆಸರು ಕೊರೆಸಿದ ಸ್ಟೀಲ್ ಸಾಮಾನು ನಮ್ಮಲ್ಲಿ ಯಾವ ಮನೆಯಲ್ಲಿ ಇಲ್ಲ ಹೇಳಿ. ಚುಕ್ಕಿ ಚುಕ್ಕಿಯಲ್ಲಿ ಯಾರದೋ ಹೆಸರು, 1987, ಗೃಹಪ್ರವೇಶ ಅಂತ ಇರುವ ಚೊಂಬು ಇವತ್ತಿಗೂ ನೀರು ಕಾಯಿಸುತ್ತಿದೆ. ಖರ್ಚಾಗಿ ಹೋಗುವ ವಸ್ತುವೇ ಬೇಕು ಅನ್ನುವ ನನ್ನ ನಿಯಮಕ್ಕೆ ಸ್ಟೀಲ್ ಒಂದು ವಿನಾಯಿತಿ. ಆದರೆ ಒಳ್ಳೆಯದು ತೆಗೆದುಕೊಳ್ಳುವ ದುಡ್ಡಿದ್ದರೆ ಮಾತ್ರ. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ತೋರಿಸಿ "ಅಂಟಲ್ಲ ನೋಡಿ, ಒರಿಜಿನಲ್" ಅಂತಾರೆ. ಅಯಸ್ಕಾಂತ ಅಂಟದಿದ್ದರೆ ಒಳ್ಳೆ ದರ್ಜೆಯ 304 ಸ್ಟೀಲ್ ಅಂತ ಅರ್ಥ ಅಲ್ಲ. ಅಗ್ಗದ 202 ಸ್ಟೀಲಿಗೂ ಅಂಟುವುದಿಲ್ಲ. 202ರಲ್ಲಿ ನಿಕ್ಕಲ್ ಕಡಿಮೆ, ಉಪ್ಪು ನೀರು ಬಿದ್ದರೆ ಬೇಗ ಚುಕ್ಕೆ ಬೀಳುತ್ತೆ. ಇನ್ನು ಡಬ್ಬಿಯ ಮುಚ್ಚಳದ ಅಂಚನ್ನು ಬೆರಳಿಂದ ಸವರಿ ನೋಡಿ, ಅಗ್ಗದ್ದರಲ್ಲಿ ಕೈ ಕೊಯ್ಯುತ್ತೆ. ಮಕ್ಕಳಿರುವ ಮನೆಗೆ ಅದನ್ನು ಕೊಟ್ಟು ಶಾಪ ಹಾಕಿಸಿಕೊಳ್ಳಬೇಡಿ.

ಮೈಸೂರ್ ಸ್ಯಾಂಡಲ್ ಸೋಪು. ಇದು ಯಾರಿಗೂ ಬೇಜಾರು ಮಾಡದ ಗಿಫ್ಟ್. ಮೈಸೂರಿನಲ್ಲಿ 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಶ್ರೀಗಂಧದ ಎಣ್ಣೆ ಕಾರ್ಖಾನೆಯಿಂದ ಬಂದ ಪರಂಪರೆ, ಈಗಲೂ ರಾಜ್ಯ ಸರ್ಕಾರದ ಸೋಪು ಕಂಪನಿ ಕೆಎಸ್‌ಡಿಎಲ್ ತಯಾರಿಸುತ್ತೆ, ಡಬ್ಬದ ಮೇಲೆ ಸಿಂಹದ ಮೈ ಆನೆಯ ತಲೆ ಇರುವ ಶರಭ. ದೆಹಲಿ, ಪುಣೆಯಿಂದ ಬಂದ ನೆಂಟರು ಇನ್ನೊಂದು ಇದೆಯಾ ಅಂತ ಕೇಳುವುದು ಇದನ್ನೇ. ಹೆಸರು ಅಚ್ಚು ಹಾಕಿಸುವ ಗೊಡವೆ ಇಲ್ಲ, ಡಬ್ಬವೇ ಗಿಫ್ಟ್ ಥರ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಸೋಪಿನ ಜಿಎಸ್‌ಟಿ ನೂರಕ್ಕೆ 18ರಿಂದ 5ಕ್ಕೆ ಇಳಿದಿದೆ, ಪೆಟ್ಟಿಗೆಗಟ್ಟಲೆ ತೆಗೆದುಕೊಳ್ಳುವಾಗ ಹಳೇ ದರ ಅಚ್ಚಾಗಿರುವ ಸ್ಟಾಕ್ ಕೊಟ್ಟರೆ ಕೇಳಿ. ಒಂದೇ ಒಂದು ದೋಷ, ಅದರ ವಾಸನೆ. ವಾಸನೆಗೇ ಅಲ್ವಾ ಸೋಪು ಅನ್ನಬೇಡಿ. ಒಂದೇ ಚೀಲದಲ್ಲಿ ಸೋಪು, ಲಾಡು, ಎಲೆ ಅಡಿಕೆ ಹಾಕಿ ರಾತ್ರಿಯಿಡೀ ಕಟ್ಟಿಟ್ಟರೆ ಬೆಳಿಗ್ಗೆ ಲಾಡು ತಿಂದವರು ಸ್ನಾನ ಮಾಡಿದ ಹಾಗೆ ಇರುತ್ತೆ. ಸೋಪು ಕೊಟ್ಟರೆ ತಿನ್ನುವ ವಸ್ತು ಕೊಡಬೇಡಿ, ತಿನ್ನುವುದು ಕೊಟ್ಟರೆ ಸೋಪು ಬೇಡ.

ಕಣದ ವಿಷಯಕ್ಕೆ ಬರೋಣ. ರವಿಕೆ ಕಣ ಅಂತ ನಾವು ಕೊಡುವ ಪಾಲಿಯೆಸ್ಟರ್ ತುಂಡು ಯಾರೂ ಹೊಲಿಸುವುದಿಲ್ಲ ಅಂತ ಕೊಡುವವರಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು. ಅದು ಮನೆಯಿಂದ ಮನೆಗೆ ಸುತ್ತುತ್ತಲೇ ಇರುತ್ತೆ. ನಮ್ಮಮ್ಮ ವರಮಹಾಲಕ್ಷ್ಮಿಗೆ ಕೊಟ್ಟ ಗುಲಾಬಿ ಕಣ ಮುಂದಿನ ಗೌರಿ ಹಬ್ಬಕ್ಕೆ ಅಮ್ಮನಿಗೇ ವಾಪಸ್ ಬಂದಿದೆ, ಮಡಿಕೆ ಕೂಡ ಬದಲಾಗಿರಲಿಲ್ಲ. ಬೀಗರು ಧಾರವಾಡದವರು. ನಮ್ಮ ಭಾವನ ತಾಯಿ ಇದನ್ನು ಕೇಳಿ ನಕ್ಕು, "ಕೊಡೋದಿದ್ರ ಖರೇ ಖಣ ಕೊಡ್ರಿ, ಇಲ್ಲಾಂದ್ರ ಬ್ಯಾಡ್ರಿ, ಯಾರೂ ಬಯ್ಯಂಗಿಲ್ಲ" ಅಂದರು. ಅವರ ಮಾತಿನಂತೆ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಿಂದ ಖಣ, ಅಂದರೆ ಅಲ್ಲಿ ನೇಯುವ ರವಿಕೆ ಬಟ್ಟೆ, ತರಿಸಿದೆವು. ಎಲ್ಲರಿಗೂ ಅಲ್ಲ, ಹತ್ತಿರದ ಸಂಬಂಧದ ಹೆಂಗಸರಿಗೆ, ಎರಡೂ ಕಡೆ ಸೇರಿಸಿ. ದರ ಪಾಲಿಯೆಸ್ಟರ್ ತುಂಡಿನ ಹಲವು ಪಟ್ಟು. ಕೈಮಗ್ಗದ್ದು ಬೇಕಾದರೆ ನೇಯುವವರ ಹತ್ತಿರವೇ ತರಿಸಿ, ಪೇಟೆಯಲ್ಲಿ ಅದೇ ನಮೂನೆಯ ಪವರ್‌ಲೂಮ್ ಮಾಲು ಖಣ ಅಂತಲೇ ಮಾರಾಟ ಆಗುತ್ತೆ. ಫಲ ಏನು ಅಂದರೆ, ಯುಗಾದಿ ಹೊತ್ತಿಗೆ ನಮ್ಮ ಅತ್ತೆ, ಚಿಕ್ಕಮ್ಮ ಇಬ್ಬರೂ ಅದನ್ನು ಹೊಲಿಸಿಕೊಂಡು ಹಾಕಿದ್ದರು. ಹೊಲಿಸಿದರು ಅನ್ನುವುದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಕಣಕ್ಕೆ ಬೇರೆ ಇಲ್ಲ. ಮುನ್ನೂರು ಜನಕ್ಕೆ ಹೊಲಿಸದ ತುಂಡು ಕೊಡುವ ದುಡ್ಡಿನಲ್ಲಿ ನಲವತ್ತು ಜನಕ್ಕೆ ನಿಜವಾದ ಖಣ ಬರುತ್ತೆ.

ಚನ್ನಪಟ್ಟಣಕ್ಕೆ ಹೋಗುವ ಆಸೆ ತಂಗಿಯದು. ಬೆಂಗಳೂರಿನಿಂದ 60 ಕಿಲೋಮೀಟರ್, ಮೈಸೂರು ರೈಲು ಹತ್ತಿದರೆ ಆರಾಮ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲೆ ಕಾರುಗಳು ಊರನ್ನು ಬಳಸಿಕೊಂಡು ಹೋಗಿಬಿಡುತ್ತವೆ, ಹಳೇ ರಸ್ತೆಯ ಬೊಂಬೆ ಅಂಗಡಿಗಳಿಗೆ ಅದರ ಹೊಡೆತ ಚೆನ್ನಾಗಿಯೇ ಬಿದ್ದಿದೆ. ನಮಗೆ ಅಂಗಡಿಯವರು ಸಮಾಧಾನವಾಗಿ ಕೂರಿಸಿ ತೋರಿಸಿದರು. ಅಲ್ಲಿನ ಕಲಾನಗರದಲ್ಲಿ ಮರದ ಬೊಂಬೆ ಕಡೆಯುವುದನ್ನೂ ನೋಡಿದೆವು. ಹಾಲೆ ಮರದ ತುಂಡು ಲೇತ್‌ನಲ್ಲಿ ಗಿರಗಿರ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತೆ. ಆಮೇಲೆ ಒಣ ಗರಿಯಿಂದ ಒತ್ತಿ ತಿಕ್ಕಿದರೆ ಹೊಳಪು. ಬ್ರಷ್ಷಿಲ್ಲ, ಪೇಂಟಿಲ್ಲ. ಹಾಗಾಗಿ ಮೂಸಿ ನೋಡಿದರೆ ಪೇಂಟ್ ವಾಸನೆ ಬರಬಾರದು, ಬಂದರೆ ಅದು ಬೇರೆ ಮಾಲು.

ಏನು ತೆಗೆದುಕೊಳ್ಳಬೇಕು? ಬುಗುರಿ. ಅಗ್ಗ, ಹಗುರ, ಚೀಲದಲ್ಲಿ ಜಾಗ ತಿನ್ನುವುದಿಲ್ಲ, ಎಪ್ಪತ್ತರ ತಾತನೂ ಊಟದ ಮೇಜಿನ ಮೇಲೆ ತಿರುಗಿಸಿ ನೋಡುತ್ತಾರೆ. ಇದು ಖರ್ಚಾಗುವ ವಸ್ತು ಅಲ್ಲ, ಆದರೆ ಮಕ್ಕಳಿರುವ ಮನೆಯಲ್ಲಿ ಬೇಗ ಕಳೆದುಹೋಗುತ್ತೆ, ಅದೂ ಒಂದು ಥರ ಖರ್ಚೇ. ಕುಂಕುಮದ ಭರಣಿ ತೆಗೆದುಕೊಳ್ಳುವುದಾದರೆ ಪ್ರತಿ ಪೀಸಿನ ಮುಚ್ಚಳ ತೆಗೆದು ಹಾಕಿ ನೋಡಬೇಕು. ಪೂರ್ತಿ ಒಣಗದ ಮರದಲ್ಲಿ ಕಡೆದಿದ್ದರೆ ಮನೆಗೆ ಬಂದು ಒಣಗಿದ ಮೇಲೆ ಮುಚ್ಚಳ ಸಡಿಲವಾಗುತ್ತೆ, ಇಲ್ಲವೇ ಮಳೆಗಾಲದಲ್ಲಿ ಕಚ್ಚಿಕೊಳ್ಳುತ್ತೆ. ಅರಗು ಅಂದ ಮೇಲೆ ಬಿಸಿ ಆಗದು, ಮಾರ್ಚ್ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ಇಡೀ ದಿನ ಬಿಡಬೇಡಿ. ಆರ್ಡರ್ ಒಂದೂವರೆ ಎರಡು ತಿಂಗಳು ಮೊದಲೇ ಕೊಡಿ, ಕೈಯಲ್ಲಿ ಮಾಡುವುದು, ನಾಳೆ ಕೊಡಿ ಅಂದರೆ ಆಗುವುದಿಲ್ಲ. ನಾವು ಬುಗುರಿಗಳನ್ನು ಮಕ್ಕಳ ಸಮೇತ ಬಂದವರಿಗೆ ಅಂತ ಬೇರೆ ಬುಟ್ಟಿಯಲ್ಲಿ ಇಟ್ಟೆವು. ಅತಿ ಬೇಗ ಖಾಲಿಯಾದ ಬುಟ್ಟಿ ಅದು, ಮಕ್ಕಳಿಲ್ಲದವರೇ ಜಾಸ್ತಿ ತೆಗೆದುಕೊಂಡರು.

ಎಂ.ಜಿ. ರಸ್ತೆಯ ಕಾವೇರಿಯಲ್ಲಿ ದರ ನಿಗದಿ, ಚೌಕಾಸಿ ಇಲ್ಲ, ಸರ್ಕಾರದ್ದಾದ್ದರಿಂದ ಮೋಸದ ಭಯ ಇಲ್ಲ. ಸಾಮೂಹಿಕ ಗಿಫ್ಟಿಗೆ ಅದು ಸರಿ ಹೊಂದುವ ಜಾಗ ಅಲ್ಲ. ಆದರೆ ಮದುವೆಗೆ ಹೆಗಲು ಕೊಟ್ಟವರು ಅಂತ ನಾಲ್ಕೈದು ಜನ ಇರುತ್ತಾರಲ್ಲ, ಪುರೋಹಿತರನ್ನು ಗೊತ್ತು ಮಾಡಿಕೊಟ್ಟವರು, ವಾರವಿಡೀ ಕಾರು ಬಿಟ್ಟುಕೊಟ್ಟವರು, ಅವರಿಗೆ ಅಲ್ಲಿಂದ ಬೀದರಿನ ಬಿದ್ರಿ ಕೆಲಸದ ಪುಟ್ಟ ಡಬ್ಬಿ ತಂದೆವು. ಸತು ತಾಮ್ರದ ಎರಕದ ಮೇಲೆ ಬೆಳ್ಳಿ ಎಳೆ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಮಾಡುವ ಕಸುಬು ಅದು. ಶೋಕೇಸಿಗೆ ಬೇಡ ಅಂದವನು ನಾನೇ, ಆದರೆ ಐದು ಜನಕ್ಕೆ ಆರಿಸಿ ಕೊಡುವುದು ಬೇರೆ, ಐನೂರು ಜನಕ್ಕೆ ಹಂಚುವುದು ಬೇರೆ.

ಸಸಿ ಕೊಡುವ ಫ್ಯಾಷನ್ ಬಗ್ಗೆ. ಉದ್ದೇಶ ಒಳ್ಳೆಯದು. ಆದರೆ ನಮ್ಮ ಮದುವೆಗಳು ಜಾಸ್ತಿ ನಡೆಯುವುದು ಫೆಬ್ರವರಿಯಿಂದ ಮೇ ಒಳಗೆ, ನೆಡುವ ಕಾಲ ಜೂನ್. ಸಂಪಿಗೆ ಸಸಿ ಹಿಡಿದು ಎರಡನೇ ಮಹಡಿಯ ಬಾಡಿಗೆ ಮನೆಗೆ ಹೋದವರು ಅದನ್ನು ಎಲ್ಲಿ ನೆಡಬೇಕು? ಹಾಸನದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದವರ ಪಂಚೆ ಎಲ್ಲಾ ಕೆಮ್ಮಣ್ಣು. ಸ್ನೇಹಿತನ ಮದುವೆಯಲ್ಲಿ ರಾತ್ರಿ ಛತ್ರ ಖಾಲಿ ಮಾಡುವಾಗ ಕುರ್ಚಿಗಳ ಕೆಳಗೆ ಸಾಲಾಗಿ ಸಸಿ ಬಿಟ್ಟು ಹೋಗಿದ್ದರು. ಕೊಡಲೇಬೇಕು ಅಂದರೆ ಕುಂಡದಲ್ಲಿ ಬದುಕುವ ತುಳಸಿ, ದೊಡ್ಡಪತ್ರೆ ಕೊಡಿ. ದೊಡ್ಡಪತ್ರೆ ಎಲ್ಲಿ ಚುಚ್ಚಿದರೂ ಬರುತ್ತೆ, ತಂಬುಳಿಗೂ ಆಗುತ್ತೆ. ಬೇಕಾದವರು ಮಾತ್ರ ತೆಗೆದುಕೊಳ್ಳುವ ಹಾಗೆ ಬಾಗಿಲ ಹತ್ತಿರ ಇಟ್ಟುಬಿಡಿ.

ಕೊನೆಗೆ ನಾವು ಚೀಲದೊಳಗೆ ಇಟ್ಟದ್ದು ಕಾಫಿಪುಡಿ, 100 ಗ್ರಾಂ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಭಾಗ ಬೆಳೆಯುವುದು ನಮ್ಮ ರಾಜ್ಯದಲ್ಲಿ, ಕೊಡುವುದಕ್ಕೆ ಇದಕ್ಕಿಂತ ನಮ್ಮದು ಅನ್ನುವಂಥದ್ದು ಬೇರೆ ಇಲ್ಲ. ಬಸವನಗುಡಿ, ಮಲ್ಲೇಶ್ವರದ ಕಡೆ ಹುರಿದು ಪುಡಿ ಮಾಡಿಕೊಡುವ ಅಂಗಡಿಗಳು ಇನ್ನೂ ಇವೆ, ಮದುವೆಗೆ ಅಂದರೆ ಸಣ್ಣ ಪ್ಯಾಕೆಟ್ ಮಾಡಿಕೊಡುತ್ತಾರೆ. ಚಿಕೋರಿ ಎಷ್ಟು ಅಂತ ನೀವೇ ಹೇಳಿ. ಕಾನೂನಿನ ಪ್ರಕಾರ ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ ನೂರಕ್ಕೆ 51 ಇರಬೇಕು, ಪ್ರಮಾಣವನ್ನು ಪ್ಯಾಕೆಟ್ ಮೇಲೆ ಬರೆಯಬೇಕು. ನಾವು 80ಕ್ಕೆ 20 ಹಾಕಿಸಿದೆವು. ಪೂರ್ತಿ ಕಾಫಿ ಬೀಜದ್ದೇ ಕೊಡೋಣ ಅಂತ ತಂಗಿ ಅಂದಳು, ಆದರೆ ನಮ್ಮ ನೆಂಟರಲ್ಲಿ ಮುಕ್ಕಾಲು ಜನಕ್ಕೆ ಚಿಕೋರಿ ಇಲ್ಲದಿದ್ದರೆ "ಏನಿದು ಗಟ್ಟಿನೇ ಇಲ್ಲ" ಅನಿಸುತ್ತೆ. ಮದುವೆಗೆ ಒಂದು ವಾರ ಇರುವಾಗ ಹುರಿಸಿ, ತಿಂಗಳು ಮೊದಲೇ ಮಾಡಿಸಿಟ್ಟರೆ ಘಮ ಎಲ್ಲ ಹೋಗಿರುತ್ತೆ. ಹುರಿದ ತಕ್ಷಣ ಸೀಲ್ ಮಾಡಿದರೆ ಒಳಗಿನ ಗಾಳಿಗೆ ಪ್ಯಾಕೆಟ್ ಉಬ್ಬಿಕೊಳ್ಳುತ್ತೆ, ಒಂದೆರಡು ದಿನ ಬಿಟ್ಟು ಪ್ಯಾಕ್ ಮಾಡಿ ಅಂತ ಅಂಗಡಿಯವರೇ ಹೇಳಿದರು. ಪ್ಯಾಕೆಟ್ ಮೇಲೆ "ಫಿಲ್ಟರ್ ಕಾಫಿ" ಅಂತ ದಪ್ಪ ಅಕ್ಷರದಲ್ಲಿ ಬರೆಸಿ. ಪುಣೆಯ ಕಸಿನ್ ಹಾಲಿಗೆ ಎರಡು ಚಮಚ ಹಾಕಿ ಕದಡಿ, "ಇದು ಕರಗ್ತಾನೇ ಇಲ್ವಲ್ಲೋ" ಅಂತ ಫೋನ್ ಮಾಡಿದ.

ಟೀ ಕುಡಿಯುವ ಮನೆಯವರು ಏನು ಮಾಡಬೇಕು ಅಂತ ಕೇಳಿದರೆ, ಪಕ್ಕದ ಮನೆಗೆ ಕೊಡುತ್ತಾರೆ, ಕೊಡಲಿ. ಕಾಫಿಪುಡಿಯ ಪ್ಯಾಕೆಟ್ ಕೈ ಬದಲಾಯಿಸಿದರೂ ಎಲ್ಲೋ ಒಂದು ಕಡೆ ಡಿಕಾಕ್ಷನ್ ಆಗಿಯೇ ಆಗುತ್ತೆ. ಕಣದ ಹಾಗಲ್ಲ.

ಹಂಚುವ ವಿಷಯ. ಊಟದ ಮನೆಯಿಂದ ಹೊರಗೆ ಬರುವ ಬಾಗಿಲಲ್ಲಿ ಮೇಜು ಹಾಕಿ, ಇಬ್ಬರನ್ನು ಕೂರಿಸಿ. ಒಬ್ಬರು ಹತ್ತಿರದ ನೆಂಟರು, ಯಾರು ಯಾರ ಮನೆಯವರು ಅಂತ ಗೊತ್ತಿರುವವರು. ಇನ್ನೊಬ್ಬರು ಮುಖದಾಕ್ಷಿಣ್ಯ ಇಲ್ಲದವರು. ಮನೆಗೆ ಒಂದೋ ತಲೆಗೆ ಒಂದೋ ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿ, ಅಲ್ಲಿ ನಿಂತು ಮಾಡಲು ಹೋದರೆ ಜಗಳ. ನಾವು ಮನೆಗೆ ಒಂದು ಕೊಟ್ಟೆವು, ಆದರೆ ಗಂಡಹೆಂಡತಿ ಬೇರೆ ಬೇರೆ ಪಂಕ್ತಿಯಲ್ಲಿ ಊಟ ಮಾಡಿ ಬಂದರೆ ಎರಡು ಹೋಗುತ್ತೆ, ಅದಕ್ಕೆ ನೂರಕ್ಕೆ ಹದಿನೈದು ಜಾಸ್ತಿ ಮಾಡಿಸಿ. ಎಲೆ ಅಡಿಕೆಯನ್ನು ರಾತ್ರಿಯೇ ಚೀಲಕ್ಕೆ ಹಾಕಬೇಡಿ, ಎಲೆ ಬಾಡುತ್ತೆ, ತೇವಕ್ಕೆ ಪ್ಯಾಕೆಟ್ ನೆನೆಯುತ್ತೆ. ಬೆಳಿಗ್ಗೆ ಮುಹೂರ್ತ ಆಗುವ ಹೊತ್ತಿಗೆ ಹಾಕಿದರೆ ಸಾಕು. ಅಡುಗೆಯವರು, ಓಲಗದವರು, ಪಾತ್ರೆ ತೊಳೆಯುವವರು, ಛತ್ರದ ವಾಚ್‌ಮನ್, ಇವರ ಲೆಕ್ಕ ಯಾರೂ ಹಿಡಿದಿರುವುದಿಲ್ಲ. ಅವರ ಚೀಲಗಳನ್ನು ಮೊದಲೇ ಎಣಿಸಿ ಬೇರೆ ರೂಮಿನಲ್ಲಿ ಬೀಗ ಹಾಕಿ ಇಡಿ.

ಉಳಿದದ್ದು ಏನು ಮಾಡುವುದು? ಹೆಸರು ಅಚ್ಚಾದ ಚೀಲವನ್ನು ಯಾವ ಅಂಗಡಿಯೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಸೋಪು, ಸ್ಟೀಲ್ ಡಬ್ಬಿ ಇಂಥವನ್ನು ಪೆಟ್ಟಿಗೆ ಒಡೆಯದೆ ಬಿಲ್ ಸಮೇತ ಕೊಟ್ಟರೆ ತೆಗೆದುಕೊಳ್ಳುವವರು ಇದ್ದಾರೆ, ಆದರೆ ಆ ಮಾತು ಖರೀದಿ ಮಾಡುವಾಗಲೇ ಆಡಿ, ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಕೋರಾ ಚೀಲ ನಮಗೆ ಒಂದು ಬಂಡಲ್ ಉಳಿದಿದೆ, ಅಮ್ಮ ತರಕಾರಿಯವನಿಗೂ ಒಂದು ಕೊಟ್ಟಿದ್ದಾರೆ.